ಸುಸಾನ್‌ಗೆ ಸಿಗದ ನೂರು ಪಾಯಿಂಟು

1987ರ ಜನವರಿಯಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆ ಹೊಸ ರೇಟಿಂಗ್ ಪಟ್ಟಿ ಬಿಟ್ಟಿತು. ಅದರಲ್ಲೊಂದು ವಿಚಿತ್ರ ಇತ್ತು. ಆಡುತ್ತಿದ್ದ ಹೆಂಗಸರಿಗೆಲ್ಲ ತಲಾ ನೂರು ಪಾಯಿಂಟು ಸೇರಿಸಿದ್ದರು. ಯಾರನ್ನೋ ಗೆದ್ದಿದ್ದಕ್ಕಲ್ಲ, ಸುಮ್ಮನೆ, ದೀಪಾವಳಿ ಬೋನಸ್ ಕೊಟ್ಟ ಹಾಗೆ. ಒಬ್ಬಳಿಗೆ ಮಾತ್ರ ಇಲ್ಲ. ಬುಡಾಪೆಸ್ಟಿನ ಹದಿನೇಳು ವರ್ಷದ ಸುಸಾನ್ ಪೋಲ್ಗಾರ್‌ಗೆ. 1984ರಲ್ಲಿ, ಹದಿನೈದನೇ ವಯಸ್ಸಿಗೇ, ಮಹಿಳೆಯರ ಪಟ್ಟಿಯ ತುದಿಗೆ ಹತ್ತಿದ್ದ ಹುಡುಗಿ ಹೀಗೆ ಒಂದೂ ಆಟ ಸೋಲದೆ ಮೊದಲ ಸ್ಥಾನದಿಂದ ಕೆಳಗಿಳಿದಳು.

ಇದನ್ನು ಮೊದಲು ಓದಿದಾಗ ನಕ್ಕುಬಿಟ್ಟೆ. ನಮ್ಮ ಟೀಮಿನಲ್ಲಿ ಯಾರಾದರೂ ಕೋಡಿನೊಳಗೆ ಒಬ್ಬ ಗ್ರಾಹಕನ ಹೆಸರು ಬರೆದು ‘ಇವನೊಬ್ಬನನ್ನು ಬಿಟ್ಟು’ ಅಂತ ಇಫ್ ಕಂಡಿಷನ್ ಹಾಕಿದರೆ ರಿವ್ಯೂ ಮಾಡುವವರು ಉಗಿದು ವಾಪಸ್ ಕಳಿಸುತ್ತಾರೆ. ಇಲ್ಲಿ ಇಡೀ ಜಗತ್ತಿನ ಚೆಸ್ ಸಂಸ್ಥೆಯೇ ಅದನ್ನು ಮಾಡಿತ್ತು. ಆಮೇಲೆ ಅವರು ಕೊಟ್ಟ ಕಾರಣ ಓದಿದೆ. ನಗು ನಿಂತಿತು. ಯಾಕಂದರೆ ಕಾರಣ ಅಷ್ಟೇನೂ ಪೆದ್ದಾಗಿರಲಿಲ್ಲ.

ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಚೆಸ್ಸಿನ ರೇಟಿಂಗ್ ಪದ್ಧತಿ ಕೊಟ್ಟವರು ಆರ್ಪಾಡ್ ಎಲೋ ಅಂತ, ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದ ಮೇಷ್ಟ್ರು. ಇಬ್ಬರ ಮಧ್ಯೆ 100 ಪಾಯಿಂಟ್ ಅಂತರವಿದ್ದರೆ ಮೇಲಿನವರು ನೂರು ಆಟದಲ್ಲಿ ಸುಮಾರು 64 ಅಂಕ ಗಳಿಸಬೇಕು, 200 ಇದ್ದರೆ 76. ಅದಕ್ಕಿಂತ ಹೆಚ್ಚು ಗಳಿಸಿದರೆ ರೇಟಿಂಗ್ ಏರುತ್ತೆ, ಕಮ್ಮಿಯಾದರೆ ಇಳಿಯುತ್ತೆ. ಹೆಚ್ಚುಕಮ್ಮಿ ಒಬ್ಬರ ಜೇಬಿನಿಂದ ಹೋದದ್ದು ಇನ್ನೊಬ್ಬರ ಜೇಬಿಗೆ. ಹಾಗಾಗಿ ಒಂದಷ್ಟು ಜನ ಬಾಗಿಲು ಹಾಕಿಕೊಂಡು ತಮ್ಮತಮ್ಮಲ್ಲೇ ಆಡುತ್ತಿದ್ದರೆ, ಎಲ್ಲರ ಆಟವೂ ಎಷ್ಟೇ ಸುಧಾರಿಸಲಿ, ಪಾಯಿಂಟುಗಳು ಮಾತ್ರ ಆ ಕೋಣೆಯೊಳಗೇ ಸುತ್ತುತ್ತಿರುತ್ತವೆ. ಹಿಂದೆ ಊರೂರಿಗೂ ಸೇರಿನ ಅಳತೆ ಬೇರೆ ಇರುತ್ತಿತ್ತು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಎರಡೂ ಊರಲ್ಲಿ ‘ಒಂದು ಸೇರು ಅಕ್ಕಿ’ ಅಂತಲೇ ಕರೆಯೋದು. ಎರಡೂ ಸಂತೆಗೆ ಹೋಗಿ ಬಂದವರಿಗೆ ಮಾತ್ರ ಯಾವುದರಲ್ಲಿ ಹೆಚ್ಚು ಹಿಡಿಸುತ್ತೆ ಅನ್ನೋದು ಗೊತ್ತು.

ಫಿಡೆಯ ವಾದ ಇಷ್ಟೇ. ಹೆಂಗಸರು ಹೆಂಗಸರ ಜೊತೆಯೇ ಆಡುತ್ತಾ ಬಂದಿದ್ದಾರೆ, ಅವರ ರೇಟಿಂಗು ಗಂಡಸರ ರೇಟಿಂಗಿಗೆ ತಾಳೆಯಾಗುತ್ತಿಲ್ಲ, ಇರಬೇಕಾದ್ದಕ್ಕಿಂತ ಕಮ್ಮಿ ತೋರಿಸುತ್ತಿದೆ. ನೂರು ಸೇರಿಸಿ ಸರಿ ಮಾಡೋಣ. ಸುಸಾನ್ ಹೆಚ್ಚಾಗಿ ಗಂಡಸರ ಜೊತೆಯೇ ಆಡಿದವಳು, ಅವಳ ಅಳತೆ ಈಗಾಗಲೇ ಸರಿ ಇದೆ, ಅವಳಿಗೆ ಬೇಡ. ಕಾಗದದ ಮೇಲೆ ತಪ್ಪು ಹುಡುಕೋದು ಕಷ್ಟ. ಆದರೆ ಜಾರ್ಜಿಯಾದ ನೋನಾ ಗಾಪ್ರಿಂದಾಶ್ವಿಲಿ 1977ರಲ್ಲಿ ಅಮೆರಿಕದ ಲೋನ್ ಪೈನ್‌ನಲ್ಲಿ ಗಂಡಸರ ಜೊತೆ ಆಡಿ ಮೊದಲ ಸ್ಥಾನ ಹಂಚಿಕೊಂಡವಳು. ಅದರಿಂದಲೇ 1978ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿ ಪಡೆದ ಮೊದಲ ಮಹಿಳೆಯಾದಳು. ಆಗಿನ ಮಹಿಳಾ ವಿಶ್ವ ಚಾಂಪಿಯನ್ ಮಾಯಾ ಚಿಬುರ್ದಾನಿಡ್ಜೆ ಕೂಡ ಗಂಡಸರ ಟೂರ್ನಿಗಳನ್ನು ಕಂಡವಳೇ. ಇವರೆಲ್ಲ ಎರಡೂ ಸಂತೆ ನೋಡಿದವರಲ್ಲವಾ? ಇಫ್ ಕಂಡಿಷನ್ ಬಿದ್ದದ್ದು ಮಾತ್ರ ಒಬ್ಬಳ ಹೆಸರಿಗೆ. ಬಾಗಿಲು ತೆಗೆದುಕೊಂಡು ಆಚೆ ಹೋಗಿ ಆಡಿದ್ದಕ್ಕೆ ದಂಡ ಕಟ್ಟಿದ ಹಾಗಾಯ್ತು.

ಇಷ್ಟು ಹಳೇ ಕಥೆ ನನಗ್ಯಾಕೆ ತಾಗಬೇಕು ಹೇಳಿ? ತಾಗಿತು.

ನಾನು ಈಗಿನ ಕಂಪನಿಗೆ ಸೇರಿದ್ದು ‘ಮಹಿಳೆಯರಿಗೆ ಮಾತ್ರ’ ಅಂತ ನಡೆಸಿದ ನೇಮಕಾತಿಯಲ್ಲಿ. ಕಂಪನಿಯ ಹೆಸರು ಬೇಡ, ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಇಂಥವು ಬೇಕಾದಷ್ಟಿವೆ. ಒಂದು ಕೋಡಿಂಗ್ ಪರೀಕ್ಷೆ, ಮೂರು ಇಂಟರ್‌ವ್ಯೂ, ಆಮೇಲೆ ಎಚ್.ಆರ್. ನನ್ನ ಪಕ್ಕದ ಸೀಟಿನ ಹುಡುಗ ದಾಟಿದ್ದೂ ಇಷ್ಟನ್ನೇ. ಒಮ್ಮೆ ಇಬ್ಬರೂ ತಾಳೆ ಹಾಕಿ ನೋಡಿದ್ದೆವು, ಅವನಿಗೆ ಬಂದ ಎರಡು ಪ್ರಶ್ನೆ ನನಗೂ ಬಂದಿದ್ದವು. ಹನ್ನೊಂದು ಜನರ ಟೀಮಿನಲ್ಲಿ ನಾನೊಬ್ಬಳೇ ಹುಡುಗಿ. ಹೋದ ವರ್ಷ ಅಪ್ರೈಸಲ್‌ನಲ್ಲಿ (ನಮ್ಮಲ್ಲೂ ಅದಕ್ಕೆ ರೇಟಿಂಗ್ ಅಂತಲೇ ಹೆಸರು!) ನನಗೆ ಚೆನ್ನಾಗಿಯೇ ಬಂತು. ಕ್ಯಾಂಟೀನಿನಲ್ಲಿ ಕಾಫಿ ಹಿಡಿದು ನಿಂತಿದ್ದಾಗ ಟೀಮಿನ ಹಿರಿಯರೊಬ್ಬರು ನಗುತ್ತಾ, “ನಿಮಗೇನು ಬಿಡಿ ಮೇಡಂ, ಡೈವರ್ಸಿಟಿ ಪಾಯಿಂಟ್ಸ್ ಇರುತ್ತಲ್ಲ” ಅಂದರು.

ಕೆಟ್ಟವರೇನಲ್ಲ. ನನಗೆ ಎಷ್ಟೋ ಕೆಲಸ ಹೇಳಿಕೊಟ್ಟವರು. ತಮಾಷೆಗೇ ಅಂದದ್ದು, ನಾನೂ ನಕ್ಕೆ. ಆದರೆ ಆ ವರ್ಷ ಪೇಮೆಂಟ್ ಸರ್ವರು ರಾತ್ರಿ ಎರಡೂವರೆಗೆ ಮಕಾಡೆ ಮಲಗಿದ್ದು ಮೂರು ಸಲ. ಮೂರು ಸಲವೂ ಎದ್ದು ಕೂತು ಎತ್ತಿ ನಿಲ್ಲಿಸಿದವಳು ನಾನು. ನನ್ನನ್ನು ಯಾವ ಬಾಗಿಲಿನಿಂದ ಒಳಗೆ ಬಿಟ್ಟರು ಅಂತ ಆ ಸರ್ವರೇನೂ ವಿಚಾರಿಸಲಿಲ್ಲ. ಆ ರಾತ್ರಿಗಳನ್ನೆಲ್ಲ ಸೇರಿಸಿ ಬಂದ ಅಂಕದಿಂದ ಆ ಹಿರಿಯರು ಮನಸ್ಸಿನಲ್ಲೇ ನೂರು ಕಳೆದು ಓದುತ್ತಿದ್ದಾರೆ ಅನ್ನಿಸಿತು. ಬಿಟ್ಟಿ ಪಾಯಿಂಟಿನ ನಿಜವಾದ ತೊಂದರೆ ಅದೇ ನೋಡಿ. ಕೊಟ್ಟವರು ಒಂದು ಸಲ ಕೊಟ್ಟು ಮರೆಯುತ್ತಾರೆ, ನೋಡುವವರು ಜೀವನಪೂರ್ತಿ ಕಳೆಯುತ್ತಾ ಇರುತ್ತಾರೆ.

ಈ ಕಳೆಯುವ ಚಟ ಇವತ್ತಿನದಲ್ಲ. 1929ರಲ್ಲಿ ಕಾರ್ಲ್ಸ್‌ಬಾಡ್ ಎಂಬಲ್ಲಿ ದೊಡ್ಡ ಟೂರ್ನಿ ನಡೆಯಿತು. ಅದರಲ್ಲಿ ವೆರಾ ಮೆಂಚಿಕ್ ಆಡುವವಳಿದ್ದಳು. 1927ರಲ್ಲಿ ಮೊಟ್ಟಮೊದಲ ಮಹಿಳಾ ವಿಶ್ವ ಚಾಂಪಿಯನ್ ಆದವಳು. ಆಲ್ಬರ್ಟ್ ಬೆಕರ್ ಅನ್ನುವ ಆಟಗಾರ ಎಲ್ಲರೆದುರು ಗೇಲಿ ಮಾಡಿದ: ಇವಳ ಹತ್ತಿರ ಸೋತವರನ್ನೆಲ್ಲ ‘ವೆರಾ ಮೆಂಚಿಕ್ ಕ್ಲಬ್’ಗೆ ಸದಸ್ಯರನ್ನಾಗಿ ಮಾಡೋಣ ಅಂತ. ಆ ಕ್ಲಬ್ಬಿನ ಮೊದಲ ಸದಸ್ಯ ಅವನೇ ಆದ! ಆಮೇಲೆ ಸದಸ್ಯರ ಪಟ್ಟಿ ಬೆಳೆಯುತ್ತಾ ಹೋಯಿತು. ಪಂಜಾಬಿನಿಂದ ಇಂಗ್ಲೆಂಡಿಗೆ ಹೋಗಿ ಮೂರು ಸಲ ಬ್ರಿಟಿಷ್ ಚಾಂಪಿಯನ್ ಆದ ನಮ್ಮ ಮೀರ್ ಸುಲ್ತಾನ್ ಖಾನ್ ಸೇರಿದ. 1935ರಲ್ಲಿ ವಿಶ್ವ ಚಾಂಪಿಯನ್ ಆದ ಹಾಲೆಂಡಿನ ಮ್ಯಾಕ್ಸ್ ಯೂವೆ ಎರಡು ಸಲ ಸೋತು ಸೇರಿದ. ಹಾಗಂತ ಕಾರ್ಲ್ಸ್‌ಬಾಡ್‌ನಲ್ಲಿ ವೆರಾ ಮೆರೆದಳು ಅಂದುಕೊಳ್ಳಬೇಡಿ, 22 ಜನರಲ್ಲಿ ಕೊನೆಯವಳಾಗಿ ಮುಗಿಸಿದಳು. ಆದರೂ ಮತ್ತೆ ಮತ್ತೆ ಹೋಗಿ ಅಂಥ ಟೂರ್ನಿಗಳಲ್ಲೇ ಕೂತಳು. 1944ರಲ್ಲಿ ಲಂಡನ್ನಿನ ಮನೆಯ ಮೇಲೆ ಜರ್ಮನ್ನರ ಹಾರುವ ಬಾಂಬು ಬಿದ್ದು ತಾಯಿ, ತಂಗಿಯ ಜೊತೆ ಸತ್ತಳು. ಸಾಯುವಾಗಲೂ ವಿಶ್ವ ಚಾಂಪಿಯನ್ನೇ.

ಆ ಯೂವೆಯ ಹೆಸರು ಸ್ವಲ್ಪ ನೆನಪಿಟ್ಟುಕೊಳ್ಳಿ. 1976ಕ್ಕೆ ಬರೋಣ, ಈ ಸಲ ನಮ್ಮ ದೇಶಕ್ಕೆ. ಮುಂಬಯಿಯಲ್ಲಿ ಖಾಡಿಲ್ಕರ್ ಅಂತ ಮೂವರು ಅಕ್ಕತಂಗಿಯರು: ವಾಸಂತಿ, ಜಯಶ್ರೀ, ರೋಹಿಣಿ. ಭಾರತದ ಮಹಿಳಾ ಚೆಸ್ ಅಂದರೆ ಆಗ ಆ ಒಂದೇ ಮನೆ ಅನ್ನಬಹುದು. ರೋಹಿಣಿ ಹದಿಮೂರನೇ ವಯಸ್ಸಿಗೆ ಗಂಡಸರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಆಡಲು ಕೂತಳು. ಗಲಾಟೆ ಶುರುವಾಯಿತು. ಹೆಣ್ಣು ಹುಡುಗಿ ಇಲ್ಲಿ ಆಡಬಹುದೇ ಅನ್ನೋ ಪ್ರಶ್ನೆ ಹೈಕೋರ್ಟಿನ ತನಕ ಹೋಯಿತು, ಫಿಡೆಯ ತನಕವೂ ಹೋಯಿತು. ಆಗ ಫಿಡೆಯ ಅಧ್ಯಕ್ಷ ಯಾರಿದ್ದರು ಗೊತ್ತಾ? ಮ್ಯಾಕ್ಸ್ ಯೂವೆ. ರಾಷ್ಟ್ರೀಯ, ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಿಂದ ಹೆಂಗಸರನ್ನು ಹೊರಗಿಡುವಂತಿಲ್ಲ ಅಂತ ತೀರ್ಪು ಕೊಟ್ಟವರು ಅವರೇ. ವೆರಾ ಕೈಲಿ ಎರಡು ಸಲ ಸೋತದ್ದು ಆ ಹೊತ್ತಿನಲ್ಲಿ ಅವರಿಗೆ ನೆನಪಾಯಿತೋ ಇಲ್ಲವೋ, ನನಗಂತೂ ನೆನಪಾಯಿತು ಅಂತ ನಂಬೋಕೆ ಇಷ್ಟ :-)

ಇನ್ನು ಜುಡಿತ್. ಇವಳ ಬಗ್ಗೆ ಬರೆಯೋಕೆ ಅಂತಲೇ ಇಷ್ಟು ಸುತ್ತಿ ಬಂದೆ.

ಸುಸಾನ್‌ಳ ಕೊನೇ ತಂಗಿ ಜುಡಿತ್ ಪೋಲ್ಗಾರ್. ಅಪ್ಪ ಲಾಸ್ಲೋಗೆ ಒಂದು ಹಟ ಇತ್ತು, ಪ್ರತಿಭೆ ಹುಟ್ಟಿನಿಂದ ಬರೋದಿಲ್ಲ, ಬೆಳೆಸಿದರೆ ಬರುತ್ತೆ ಅಂತ. ಮೂವರು ಹೆಣ್ಣುಮಕ್ಕಳನ್ನೂ ಮನೆಯಲ್ಲೇ ಓದಿಸಿ, ಚೆಸ್ ಕಲಿಸಿದ. ಸರ್ಕಾರದ ಜೊತೆ ಜಗಳ ಆಡಿ ಕಲಿಸಿದ. (ನಮ್ಮಪ್ಪ ಹೀಗೆ ಮಾಡಿದ್ದರೆ ನಾನು ಓಡಿಹೋಗಿ ಅತ್ತೆ ಮನೆ ಸೇರಿಕೊಳ್ಳುತ್ತಿದ್ದೆ. ನಮ್ಮನೆಯ ಚೆಸ್ ಅಂದರೆ ಬೇಸಿಗೆ ರಜೆಯಲ್ಲಿ ಅಜ್ಜನ ಜೊತೆ ಜಗಲಿ ಮೇಲೆ ಆಡಿದ್ದು. ಕ್ವೀನ್‌ಗೆ ಅಜ್ಜ ಕೊನೇವರೆಗೂ ‘ಮಂತ್ರಿ’ ಅಂತಲೇ ಕರೆಯುತ್ತಿದ್ದರು, ಬಿಷಪ್‌ಗೆ ‘ಒಂಟೆ’.) 1988ರ ಒಲಿಂಪಿಯಾಡ್‌ನಲ್ಲಿ ಹಂಗೇರಿಯ ಮಹಿಳಾ ತಂಡದ ನಾಲ್ವರಲ್ಲಿ ಮೂವರು ಈ ಅಕ್ಕತಂಗಿಯರು. ಸೋವಿಯತ್ ತಂಡವನ್ನು ಹಿಂದೆ ಹಾಕಿ ಚಿನ್ನ ತಂದರು. ಹನ್ನೆರಡು ವರ್ಷದ ಜುಡಿತ್ 13 ಆಟದಲ್ಲಿ ಹನ್ನೆರಡೂವರೆ ಅಂಕ ಗಳಿಸಿದಳು! ಮಾರನೇ ವರ್ಷ ರೋಮ್‌ನಲ್ಲಿ ನಡುವಿನವಳು ಸೋಫಿಯಾ, ಗ್ರ್ಯಾಂಡ್‌ಮಾಸ್ಟರುಗಳಿದ್ದ ಟೂರ್ನಿಯಲ್ಲಿ 9ಕ್ಕೆ ಎಂಟೂವರೆ ತೆಗೆದು ಗೆದ್ದಳು, ಹದಿನಾಲ್ಕನೇ ವಯಸ್ಸಿಗೆ.

ಸುಸಾನ್ 1991ರ ಜನವರಿಯಲ್ಲಿ ಎಲ್ಲರ ಹಾಗೆ ನಾರ್ಮು, ರೇಟಿಂಗು ಸಂಪಾದಿಸಿ ಗ್ರ್ಯಾಂಡ್‌ಮಾಸ್ಟರ್ ಆದಳು. ಮುಂದೆ 1996ರಲ್ಲಿ ಮಹಿಳಾ ವಿಶ್ವ ಚಾಂಪಿಯನ್ ಪಟ್ಟವನ್ನೂ ಗೆದ್ದಳು. ಜುಡಿತ್ ಆ ಪಟ್ಟಕ್ಕೆ ಜನ್ಮದಲ್ಲಿ ಒಮ್ಮೆಯೂ ಆಡಲಿಲ್ಲ. 1989ರಿಂದ 2014ರಲ್ಲಿ ಆಟ ಬಿಡುವ ತನಕ ಮಹಿಳೆಯರ ರೇಟಿಂಗ್ ಪಟ್ಟಿಯಲ್ಲಿ ಮೊದಲಿದ್ದವಳು ಆ ಕೋಣೆಗೇ ಕಾಲಿಡಲಿಲ್ಲ. ಒಂದೇ ಮನೆಯ ಇಬ್ಬರು, ಒಬ್ಬನೇ ಅಪ್ಪ ಕಲಿಸಿದ್ದು, ಎರಡು ದಾರಿ. 1991ರ ಡಿಸೆಂಬರ್‌ನಲ್ಲಿ ಜುಡಿತ್ ಗ್ರ್ಯಾಂಡ್‌ಮಾಸ್ಟರ್ ಆದಾಗ ವಯಸ್ಸು 15 ವರ್ಷ 4 ತಿಂಗಳು. ಬಾಬಿ ಫಿಷರ್ 1958ರಲ್ಲಿ ಮಾಡಿದ್ದ ದಾಖಲೆ ಮುರಿಯಿತು. ಜಗತ್ತಿನ ಯಾವ ಹೆಂಗಸಿಗಾದರೂ ಒಂದು ಕುದುರೆ ಬಿಟ್ಟುಕೊಟ್ಟು ಆಡಿ ಗೆಲ್ಲುತ್ತೇನೆ ಅಂತ ಜಂಬ ಕೊಚ್ಚಿದ್ದನಲ್ಲ, ಅದೇ ಫಿಷರ್.

ನನ್ನನ್ನು ತುಂಬ ಕಾಡಿದ್ದು ಮಾತ್ರ ಅವಳು ಸೋತ ಒಂದು ಆಟ. 1994, ಸ್ಪೇನಿನ ಲಿನಾರೆಸ್. ಆ ಕಾಲದ ಅತಿ ಗಟ್ಟಿ ಟೂರ್ನಿ. ಜುಡಿತ್‌ಗೆ ಹದಿನೇಳು, ಮೊದಲ ಸಲ ಕರೆ ಬಂದಿದೆ. ಎದುರಿಗೆ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್. ಆತ ಕುದುರೆ ಎತ್ತಿ ಒಂದು ಮನೆಯಲ್ಲಿಟ್ಟ, ಕೈ ಬಿಟ್ಟ, ಅದು ತಪ್ಪು ನಡೆ ಅಂತ ಹೊಳೆಯಿತು, ಮತ್ತೆ ಎತ್ತಿ ಬೇರೆ ಮನೆಯಲ್ಲಿಟ್ಟ. ಕೈ ಬಿಟ್ಟ ಮೇಲೆ ಕಾಯಿ ಅಲ್ಲೇ ಇರಬೇಕು, ನಮ್ಮ ಜಗಲಿಯ ಆಟದಲ್ಲೂ ಅದೇ ನಿಯಮ. ಕೈ ಬಿಟ್ಟದ್ದು ಕ್ಷಣದ ಕಾಲು ಭಾಗ. ಜುಡಿತ್ ನೋಡಿದಳು. ತೀರ್ಪುಗಾರನ ಕಡೆ ನೋಡಿದಳು. ಏನೂ ಹೇಳಲಿಲ್ಲ. ಆಟ ಮುಂದುವರಿದು ಸೋತಳು. ಆಮೇಲೆ ಸ್ಪೇನಿನ ಟೀವಿಯವರ ವಿಡಿಯೋದಲ್ಲಿ ಕೈ ಬಿಟ್ಟದ್ದು ಸ್ಪಷ್ಟವಾಗಿ ಸಿಕ್ಕಿತು. ಕಾಸ್ಪರೋವ್ ತನಗೆ ಹಾಗನ್ನಿಸಲಿಲ್ಲ, ಮನಸ್ಸಾಕ್ಷಿ ಶುದ್ಧವಾಗಿದೆ ಅಂದ.

ಅವಳು ಯಾಕೆ ಸುಮ್ಮನಿದ್ದಳು? ಇಂಥ ದೊಡ್ಡ ಟೂರ್ನಿಗೆ ಮೊದಲ ಸಲ ಕರೆದಿದ್ದಾರೆ, ಚಾಂಪಿಯನ್ ಮೇಲೆ ರಂಪ ಮಾಡಿದವಳು ಅನ್ನಿಸಿಕೊಳ್ಳೋದು ಬೇಡ ಅಂತ. ಇದು ನನಗೆ ಬಿಡಿಸಿ ಹೇಳಬೇಕಾಗಿಲ್ಲ. ಮೀಟಿಂಗಿನಲ್ಲಿ ನಾನು ಹೇಳಿದ ಉಪಾಯವನ್ನೇ ಹತ್ತು ನಿಮಿಷ ಬಿಟ್ಟು ಇನ್ನೊಬ್ಬ ಹೇಳಿ ‘ಗುಡ್ ಪಾಯಿಂಟ್’ ಅನ್ನಿಸಿಕೊಂಡಾಗ, ‘ಅದು ನಾನು ಹೇಳಿದ್ದು’ ಅನ್ನೋ ಮಾತು ಗಂಟಲ ತನಕ ಬಂದು ನಿಲ್ಲುತ್ತಲ್ಲ, ಅದೇ ಕ್ಷಣ. ಹತ್ತು ಜನರ ನಡುವೆ ಒಬ್ಬಳೇ ಇರುವವಳು ಹೇಳಿದರೆ ಅವಳೊಬ್ಬಳ ದೂರಾಗಿ ಉಳಿಯೋದಿಲ್ಲ, ‘ಹುಡುಗಿಯರು ಹೀಗೇ’ ಅಂತಾಗುತ್ತೆ. ವಿಡಿಯೋ ಇದ್ದ ಜುಡಿತ್‌ಗೇ ನ್ಯಾಯ ಸಿಗಲಿಲ್ಲ, ನಮ್ಮ ಮೀಟಿಂಗ್ ರೂಮಿನಲ್ಲಿ ವಿಡಿಯೋ ಎಲ್ಲಿಂದ ತರೋದು.

ಎಂಟು ವರ್ಷ ಕಾದಳು. 2002ರ ಸೆಪ್ಟೆಂಬರ್, ಮಾಸ್ಕೋ, ರಷ್ಯಾ ವಿರುದ್ಧ ಉಳಿದ ಜಗತ್ತು ಅನ್ನುವ ರ‍್ಯಾಪಿಡ್ ಪಂದ್ಯ. ಕಾಸ್ಪರೋವ್ ಕಪ್ಪು ಕಾಯಿ, ಬರ್ಲಿನ್ ಡಿಫೆನ್ಸ್ ಆಡಿದ. 2000ದಲ್ಲಿ ಕ್ರಾಮ್ನಿಕ್ ಇದೇ ಡಿಫೆನ್ಸ್ ಹಿಡಿದು ಅವನ ಕಿರೀಟ ಕಿತ್ತುಕೊಂಡಿದ್ದ, ಈಗ ಅದನ್ನು ತಾನೇ ಹಿಡಿದು ಬಂದಿದ್ದ. ಮಂತ್ರಿಗಳು ಬೇಗ ಹೊರಗೆ ಹೋಗುತ್ತವೆ, ಕಪ್ಪು ರಾಜ ನಡುಮನೆಯಲ್ಲೇ ಉಳಿಯುತ್ತಾನೆ. ಜುಡಿತ್ ಅವಸರ ಮಾಡದೆ ಆನೆಗಳನ್ನು ತಂದು ನಿಲ್ಲಿಸಿದಳು. 42 ನಡೆಗೆ ಕಾಸ್ಪರೋವ್ ಕೈಕುಲುಕಿ ಎದ್ದ. ಹೆಂಗಸರ ಚೆಸ್ ಬಗ್ಗೆ ಮೊದಲು ಹಗುರವಾಗಿ ಮಾತಾಡುತ್ತಿದ್ದ ಆತ, ಆಮೇಲೆ ಜುಡಿತ್ ವಿಷಯದಲ್ಲಿ ಮಾತು ಬದಲಿಸಿದ. ಅದಕ್ಕೆ ಮಾತ್ರ ಮೆಚ್ಚಬೇಕು.

2003ರ ವಿಕ್ ಆನ್ ಜೀಯಲ್ಲಿ ನಮ್ಮ ಆನಂದ್ ಮೊದಲು, ಅರ್ಧ ಅಂಕ ಹಿಂದೆ ಜುಡಿತ್. 2004ರಲ್ಲಿ ಮಗ ಹುಟ್ಟಿದ, ಕೆಲಕಾಲ ಆಡಲಿಲ್ಲ. ವಾಪಸ್ ಬಂದವಳು 2005ರ ಜುಲೈನಲ್ಲಿ 2735ಕ್ಕೆ ಮುಟ್ಟಿದಳು, ಜಗತ್ತಿಗೆ ಎಂಟನೆಯವಳು, ಅದೇ ಅವಳ ಗರಿಷ್ಠ. ಬಾಣಂತನ ಮುಗಿಸಿ ಬಂದ ಮೇಲೆ! ಹೆರಿಗೆ ರಜೆ ಮುಗಿಸಿ ಬಂದವರಿಗೆ ‘ಸ್ವಲ್ಪ ದಿನ ಸುಲಭದ ಕೆಲಸ ಕೊಡೋಣ’ ಅನ್ನುವ ಮ್ಯಾನೇಜರುಗಳು ಈ ಎರಡು ವರ್ಷದ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಅದೇ ವರ್ಷ ಅರ್ಜೆಂಟೀನಾದ ಸಾನ್ ಲೂಯಿಸ್‌ನಲ್ಲಿ ಎಂಟೇ ಜನರ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಅವಳಿದ್ದಳು. 14 ಆಟದಲ್ಲಿ ನಾಲ್ಕೂವರೆ ಅಂಕ, ಕೊನೆಯ ಸ್ಥಾನ. ಆ ಎಂಟನೇ ಕುರ್ಚಿಯಲ್ಲಿ ಕೂತು ಸೋತದ್ದು ನನ್ನ ಕಣ್ಣಿಗೆ ಎಷ್ಟೋ ಗೆಲುವಿಗಿಂತ ದೊಡ್ಡದು. ಅಲ್ಲಿ ಯಾರೂ ನೂರು ಸೇರಿಸಿ ಕೊಟ್ಟಿರಲಿಲ್ಲ, ಕಳೆಯೋಕೂ ಏನಿರಲಿಲ್ಲ. 2700 ದಾಟಿದ ಹೆಂಗಸು ಇವತ್ತಿಗೂ ಅವಳೊಬ್ಬಳೇ.

‘ಒಬ್ಬಳೇ ಯಾಕೆ?’ ಅನ್ನೋ ಪ್ರಶ್ನೆ ಈಗ ಬರಲೇಬೇಕು, ಕ್ಯಾಂಟೀನಿನ ಹಿರಿಯರೂ ಕೇಳಿದರು. 2009ರಲ್ಲಿ ಬಿಲಾಲಿಚ್ ಮತ್ತು ಸಂಗಡಿಗರು ಜರ್ಮನಿಯ ಸುಮಾರು ಒಂದು ಲಕ್ಷದ ಇಪ್ಪತ್ತು ಸಾವಿರ ಆಟಗಾರರ ಪಟ್ಟಿ ಹಿಡಿದು ಕೂತರು. ಅಲ್ಲಿ ಒಬ್ಬ ಹೆಂಗಸಿಗೆ ಹದಿನಾರು ಗಂಡಸರು. ದೊಡ್ಡ ಗುಂಪಿನ ತುದಿ ಸಹಜವಾಗಿಯೇ ಎತ್ತರಕ್ಕಿರುತ್ತೆ. ನೂರು ತೆಂಗಿನಮರದ ತೋಟದಲ್ಲಿ ಸಿಗುವ ಅತಿ ಎತ್ತರದ ಮರ ಆರು ಮರದ ಹಿತ್ತಲಲ್ಲಿ ಸಿಗೋದು ಅಪರೂಪ. ಮೊದಲ ನೂರು ಜೋಡಿಗಳ ನಡುವಿನ ಅಂತರದಲ್ಲಿ ಶೇಕಡಾ 96ರಷ್ಟು ಈ ತಲೆಯೆಣಿಕೆಯಿಂದಲೇ ಬಂದದ್ದು ಅಂತ ಅವರ ಲೆಕ್ಕ. ಲೆಕ್ಕದ ವಿಧಾನ ಸರಿಯಿಲ್ಲ ಅಂತ ಮರುವರ್ಷವೇ ತಕರಾರು ಬಂತು, ಇಂಜಿನಿಯರಾಗಿ ಅದನ್ನೂ ಹೇಳಬೇಕು. ತಲೆಯೆಣಿಕೆಯೇ ಎಲ್ಲ ಅಂತ ನಾನೂ ಹೇಳೋದಿಲ್ಲ. ಆದರೆ ಎಣಿಸದೇ ಮಾತಾಡೋದು ಅದಕ್ಕಿಂತ ಕೆಟ್ಟದ್ದು.

ಇನ್ನೊಂದು ಪ್ರಯೋಗ ಇಟಲಿಯದು, 2008ರಲ್ಲಿ ಪ್ರಕಟವಾದದ್ದು. ಸಮಬಲದ 42 ಗಂಡು-ಹೆಣ್ಣು ಜೋಡಿಗಳನ್ನು ಇಂಟರ್ನೆಟ್ಟಿನಲ್ಲಿ ಆಡಿಸಿದರು. ಎದುರಾಳಿ ಗಂಡಸು ಅಂತ ಗೊತ್ತಿದ್ದಾಗ ಹೆಂಗಸರ ಆಟ ಅರ್ಧಕ್ಕೆ ಇಳಿಯಿತು. ಅದೇ ಎದುರಾಳಿಯನ್ನು ಹೆಂಗಸು ಅಂತ ಸುಳ್ಳು ಹೇಳಿದಾಗ ಸಮಸಮ ಆಡಿದರು. ನಾನು ರಾತ್ರಿ ಊಟ ಆದ ಮೇಲೆ ಆನ್‌ಲೈನ್‌ನಲ್ಲಿ ಐದು ನಿಮಿಷದ ಆಟ ಆಡುತ್ತೇನೆ. ಅಲ್ಲಿ ನನ್ನ ಹೆಸರು ಒಂದು ತಿಂಡಿಯ ಹೆಸರು, ಗಂಡೋ ಹೆಣ್ಣೋ ಯಾರಿಗೂ ಗೊತ್ತಾಗೋದಿಲ್ಲ. ದಿನದ ಹದಿನಾರು ಗಂಟೆಯಲ್ಲಿ ನಾನು ಯಾರ ಪ್ರತಿನಿಧಿಯೂ ಅಲ್ಲದೆ ಇರುವುದು ಆ ಅರ್ಧ ಗಂಟೆ ಮಾತ್ರ.

ಹಾಗಾದರೆ ಹೆಂಗಸರ ಕೋಣೆಯ ಬಾಗಿಲು ಮುಚ್ಚಿಬಿಡೋಣವಾ? ಜುಡಿತ್ ಥರ ಎಲ್ಲರೂ ಆಚೆ ಹೋಗಿ ಆಡಲಿ ಅಂತ ಹೇಳೋದು ಸುಲಭ. ಆದರೆ ಆ ಕೋಣೆ ಇಲ್ಲದಿದ್ದರೆ ಜಾರ್ಜಿಯಾ ಇಲ್ಲ. 1962ರಲ್ಲಿ ನೋನಾ ಗೆದ್ದ ಮಹಿಳಾ ವಿಶ್ವ ಕಿರೀಟ, 1978ರಲ್ಲಿ ಮಾಯಾ ಕೈಗೆ ಹೋಗಿ, 1991ರ ತನಕ ಆ ಪುಟ್ಟ ನಾಡು ಬಿಟ್ಟು ಹೊರಗೆ ಹೋಗಲಿಲ್ಲ. ಆ ನೋನಾಳ ಗಟ್ಟಿತನ ನೋಡಿ. 2020ರಲ್ಲಿ ಬಂದ ‘ದಿ ಕ್ವೀನ್ಸ್ ಗ್ಯಾಂಬಿಟ್’ ಸೀರಿಯಲ್ಲಿನಲ್ಲಿ, ನೋನಾ ಗಂಡಸರ ಜೊತೆ ಆಡಿಯೇ ಇಲ್ಲ ಅನ್ನುವ ಮಾತು ಬರುತ್ತೆ. ಕಥೆ ನಡೆಯುವ 1968ರ ಹೊತ್ತಿಗೆ ಆಕೆ 59 ಗಂಡಸರ ಜೊತೆ ಆಡಿ ಆಗಿತ್ತು. ಎಂಬತ್ತರ ಅಜ್ಜಿ 2021ರಲ್ಲಿ ನೆಟ್‌ಫ್ಲಿಕ್ಸ್ ಮೇಲೆ ಐವತ್ತು ಲಕ್ಷ ಡಾಲರ್ ಕೇಳಿ ಕೋರ್ಟಿಗೆ ಹೋದಳು! 2022ರಲ್ಲಿ ರಾಜಿಯಾಯಿತು. ಮನಸ್ಸಿನಲ್ಲೇ ಕಳೆಯುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಂಡಿಲ್ಲ.

ನಮ್ಮ ಕೊನೇರು ಹಂಪಿಯನ್ನೇ ತೆಗೆದುಕೊಳ್ಳಿ. (ಹೆಸರಿಗೂ ನಮ್ಮ ಹಂಪಿಗೂ ಸಂಬಂಧವಿಲ್ಲ, ‘ಚಾಂಪಿಯನ್’ ಅನ್ನೋ ಪದದಿಂದ ಕಿತ್ತುಕೊಂಡು ಇಟ್ಟದ್ದು. ಆಮೇಲೆ ಅಪ್ಪ ಅದನ್ನು ರಷ್ಯನ್ ಹೆಸರಿನ ಹಾಗೆ ಕಾಣಲಿ ಅಂತ ಇಂಗ್ಲಿಷಿನಲ್ಲಿ ಅಕ್ಷರ ಬದಲಿಸಿದರಂತೆ.) 2002ರಲ್ಲಿ ಹದಿನೈದು ತುಂಬಿ ಎರಡು ತಿಂಗಳಾಗುವುದರೊಳಗೆ ಗ್ರ್ಯಾಂಡ್‌ಮಾಸ್ಟರ್ ಆಗಿ ಜುಡಿತ್‌ಳ ದಾಖಲೆ ಮುರಿದಳು. 2007ರಲ್ಲಿ ಜುಡಿತ್ ನಂತರ 2600 ದಾಟಿದ ಎರಡನೆಯವಳು. 2017ರಲ್ಲಿ ಮಗಳು ಹುಟ್ಟಿದಳು, ಆಟದಿಂದ ಎರಡು ವರ್ಷ ದೂರ. 2019ರಲ್ಲಿ ಮಹಿಳಾ ವಿಶ್ವ ರ‍್ಯಾಪಿಡ್ ಚಾಂಪಿಯನ್, 2024ರಲ್ಲಿ ಮತ್ತೆ. ವಾಪಸ್ ಬರೋದಕ್ಕೆ ಒಂದು ಜಾಗ ಇತ್ತು ಅನ್ನೋದು ಸಣ್ಣ ವಿಷಯವಲ್ಲ. ದ್ರೋಣವಲ್ಲಿ ಹಾರಿಕಾ 2022ರ ಚೆನ್ನೈ ಒಲಿಂಪಿಯಾಡ್‌ನಲ್ಲಿ ಒಂಬತ್ತು ತಿಂಗಳ ಬಸುರಿಯಾಗಿ ಆಡಿದಳು, ಕಂಚು ಬಂತು. 2024ರಲ್ಲಿ ಅವಳಿದ್ದ ತಂಡವೇ ಚಿನ್ನ ಗೆದ್ದಿತು, ಅದೂ ಬುಡಾಪೆಸ್ಟಿನಲ್ಲಿ, ಪೋಲ್ಗಾರ್ ಅಕ್ಕತಂಗಿಯರ ಊರಿನಲ್ಲಿ. ಮಹಿಳಾ ವಿಭಾಗದಲ್ಲಿ ದುಡ್ಡು ಕಮ್ಮಿಯೇ. 2023ರ ಮಹಿಳಾ ವಿಶ್ವ ಕಿರೀಟದ ಪಂದ್ಯಕ್ಕೆ ಒಟ್ಟು ಐದು ಲಕ್ಷ ಯೂರೊ, ಅದೇ ವರ್ಷ ಓಪನ್ ಪಂದ್ಯಕ್ಕೆ ಇಪ್ಪತ್ತು ಲಕ್ಷ. ಆದರೂ ಅಷ್ಟಾದರೂ ಇರೋದರಿಂದಲೇ ಒಬ್ಬ ಹುಡುಗಿ ಚೆಸ್ಸನ್ನೇ ಉದ್ಯೋಗ ಮಾಡಿಕೊಳ್ಳುತ್ತೇನೆ ಅಂತ ಮನೆಯಲ್ಲಿ ಬಾಯಿ ಬಿಡಬಹುದು.

ಕೋಣೆ ಉಸಿರು ಕಟ್ಟಿಸುತ್ತೆ ಅನ್ನೋದೂ ನಿಜ. ಚೀನಾದ ಹೌ ಯಿಫಾನ್ ಹದಿನಾರಕ್ಕೆ ಮಹಿಳಾ ವಿಶ್ವ ಚಾಂಪಿಯನ್ ಆದವಳು. 2017ರಲ್ಲಿ ಜಿಬ್ರಾಲ್ಟರ್‌ನ ಓಪನ್ ಟೂರ್ನಿಯಲ್ಲಿ ಹತ್ತು ಸುತ್ತಿನಲ್ಲಿ ಏಳು ಸಲ ಅವಳೆದುರು ಹೆಂಗಸರೇ ಬಂದರು. ಗಂಡಸರ ಜೊತೆ ಆಡೋಕೆ ಅಂತ ಅಷ್ಟು ದೂರ ಬಂದವಳು, ಕೊನೆಯ ಸುತ್ತಿನಲ್ಲಿ ನಮ್ಮ ಲಲಿತ್ ಬಾಬು ಎದುರು ಬೇಕಂತಲೇ ಐದು ನಡೆಗೆ ಸೋತು ಎದ್ದುಹೋದಳು. ಜೋಡಿ ಹಾಕಿದ್ದು ಕಂಪ್ಯೂಟರು, ಬೇಕಂತ ಮಾಡಿದ್ದಲ್ಲ ಅಂತ ಸಂಘಟಕರು ಹೇಳಿದರು. ಇರಬಹುದು. ಆದರೆ ಆಚೆ ಕೋಣೆಗೆ ಹೋದರೂ ಈಚೆ ಕೋಣೆ ಹಿಂದೆಯೇ ಬಂದರೆ ಯಾರಿಗಾದರೂ ರೇಗುತ್ತೆ.

2025ರ ಜುಲೈನಲ್ಲಿ ಬಟೂಮಿಯಲ್ಲಿ (ಮತ್ತದೇ ಜಾರ್ಜಿಯಾ) ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಎದುರುಬದುರಾದವರು ಇಬ್ಬರು ಭಾರತೀಯರು. 38ರ ಹಂಪಿ, ಅದರ ಸರಿಯಾಗಿ ಅರ್ಧ ವಯಸ್ಸಿನ ನಾಗಪುರದ ದಿವ್ಯಾ ದೇಶ್‌ಮುಖ್. ಎರಡು ಆಟ ಡ್ರಾ, ಟೈಬ್ರೇಕರಿನಲ್ಲಿ ದಿವ್ಯಾ ಗೆದ್ದಳು. ಟೂರ್ನಿಗೆ ಬರುವಾಗ ಅವಳ ಕೈಲಿ ಒಂದು ಗ್ರ್ಯಾಂಡ್‌ಮಾಸ್ಟರ್ ನಾರ್ಮ್ ಕೂಡ ಇರಲಿಲ್ಲ. ಗೆದ್ದವರಿಗೆ ನೇರ ಪದವಿ ಅನ್ನೋ ನಿಯಮ ಇದ್ದದ್ದರಿಂದ ಗ್ರ್ಯಾಂಡ್‌ಮಾಸ್ಟರ್ ಆಗಿಯೇ ಎದ್ದಳು, ದೇಶಕ್ಕೆ 88ನೆಯವಳು, ಹೆಂಗಸರಲ್ಲಿ ನಾಲ್ಕನೆಯವಳು. ಮಾರನೇ ದಿನ ಆಫೀಸಿನಲ್ಲಿ ಸ್ವೀಟ್ ಹಂಚಿದೆ. ಯಾಕೆ ಅಂತ ಕೇಳಿದವರಲ್ಲಿ ಒಬ್ಬ “ಅದು ಡೈರೆಕ್ಟ್ ಜಿಎಂ ಅಲ್ವಾ?” ಅಂದ, ಬಾಯಲ್ಲಿ ನನ್ನದೇ ಧಾರವಾಡ ಪೇಡೆ ಇಟ್ಟುಕೊಂಡು. ಆ ದಾರಿಯಲ್ಲಿ ಝು ಜಿನರ್, ಹಾರಿಕಾ, ತಾನ್ ಝೋಂಗ್ಯಿ ಎಲ್ಲರನ್ನೂ ದಾಟಿ ಬಂದಳು ಅಂತ ಒಬ್ಬೊಬ್ಬರ ಹೆಸರು ಹೇಳಿದೆ. ನಗಲಿಲ್ಲ ಈ ಸಲ.

ಇದಾದ ಕೆಲವು ದಿನಕ್ಕೆ ಎಚ್.ಆರ್.ನಿಂದ ಮೇಲ್ ಬಂತು. ಆ ವರ್ಷದ ಮಹಿಳಾ ನೇಮಕಾತಿಗೆ ಇಂಟರ್‌ವ್ಯೂ ಮಾಡಲು ಬರ್ತೀರಾ ಅಂತ. ಬರ್ತೀನಿ, ಪ್ರಶ್ನೆಗಳು ಮಾಮೂಲಿ ನೇಮಕಾತಿಯ ಪಟ್ಟಿಯಿಂದಲೇ ಇರಬೇಕು, ಹಾಗಿದೆ ಅಂತ ಇಡೀ ಆಫೀಸಿಗೆ ಗೊತ್ತಾಗುವ ಹಾಗೆ ಮೇಲ್ ಹಾಕಬೇಕು ಅಂತ ಬರೆದೆ. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ ‘ವಿಲ್ ಚೆಕ್’ ಅಂತ ಉತ್ತರ ಬಂತು.

ಆ ಸೆಪ್ಟೆಂಬರ್‌ನಲ್ಲಿ ಸಮರ್ಕಂದ್‌ನಲ್ಲಿ ಗ್ರ್ಯಾಂಡ್ ಸ್ವಿಸ್ ಟೂರ್ನಿ. ಎರಡು ವಿಭಾಗ, ಓಪನ್ ಮತ್ತು ಮಹಿಳೆಯರದು. ದಿವ್ಯಾ ಓಪನ್‌ನಲ್ಲಿ ಆಡಿದಳು. ಬುಡಾಪೆಸ್ಟಿನ ಚಿನ್ನದ ತಂಡದಲ್ಲಿ ಅವಳ ಜೊತೆಗಿದ್ದ ಚೆನ್ನೈನ ವೈಶಾಲಿ ಮಹಿಳೆಯರ ವಿಭಾಗದಲ್ಲಿ ಆಡಿ, 2023ರ ಹಾಗೆಯೇ ಮತ್ತೊಮ್ಮೆ ಗೆದ್ದಳು. ಹನ್ನೊಂದು ಸುತ್ತು ಮುಗಿಯುವ ತನಕ ನಾನು ಎರಡೂ ಆಟಗಳನ್ನು ಎರಡು ಟ್ಯಾಬಿನಲ್ಲಿ ತೆರೆದಿಟ್ಟುಕೊಂಡಿದ್ದೆ. ನಮ್ಮ ಮ್ಯಾನೇಜರು ಅಪ್ಪಿತಪ್ಪಿ ಇದನ್ನು ಓದುತ್ತಿದ್ದರೆ: ಊಟದ ಹೊತ್ತಿನಲ್ಲಿ ಮಾತ್ರ ಸಾರ್ :-)